ಕೋಚ್ ಸಾಹೇಬರ ಪಾಠವೂ ಪಾರವ್ವ ಕಾಕುನ ಕೊಡವೂ

ಕಂಪನಿ ಅಂದಮೇಲೆ ಅದಕ್ಕೊಬ್ಬ ಕೋಚ್ ಇರಲೇಬೇಕು ಎಂಬ ಘನವಾದ ನಿರ್ಧಾರಕ್ಕೆ ನಾನು ಬಂದೆ. ನನ್ನ ಕಂಪನಿ ಎಂದರೆ ಇಂಡಿ ಊರಿನ ನಮ್ಮ ಮನೆ ಹಿತ್ತಲಿನ ಪತ್ರಾಸು ತಗಡಿನ ಶೆಡ್ಡು, ಅದರೊಳಗೆ ಪೀಪಾಯಿ ತುಂಬ ನಿಂಬೆ ಉಪ್ಪಿನಕಾಯಿ. ಅದನ್ನು ಹಾಕುವವಳು ನನ್ನ ಹೆಂಡತಿ ಶಾಂತಾ. ವಿಸಿಟಿಂಗ್ ಕಾರ್ಡಿನಲ್ಲಿ ಹೆಸರು ಮಾತ್ರ ನನ್ನದು!

ಆಗಿನ್ನೂ ಮೊಬೈಲು ಎಲ್ಲರ ಕಿಸೆಗೆ ಬಂದಿರಲಿಲ್ಲ. ಆದರೆ ‘ಸಪ್ಲೈ ಚೈನ್’ ಎಂಬ ಮಾತು ಬಿಜಾಪುರದ ಒಂದು ಸಭೆಯಲ್ಲಿ ನನ್ನ ಕಿವಿಗೆ ಬಿತ್ತು. ಆಡಿದವರು ಪುಣೆ ಕಡೆಯ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಒಬ್ಬ ಸಾಹೇಬರು. ಸಾಮಾನು ಎಲ್ಲಿಂದ ಬರಬೇಕು, ಯಾವಾಗ ಬರಬೇಕು, ಗಿರಾಕಿಗೆ ಹೇಗೆ ಮುಟ್ಟಬೇಕು ಎಂದು ಕಂಪನಿಗಳಿಗೆ ಕಲಿಸುವ ಕೋಚ್. ಅಲ್ಲೇ ಕೈಹಿಡಿದು ಮನೆಗೆ ಕರೆದೆ.

“ನಾಳೆ ಕೋಚ್ ಬರ್ತಾರ,” ಎಂದು ಶಾಂತಾಗೆ ಹೇಳಿದೆ.

“ಈ ವಯಸ್ಸಿನ್ಯಾಗ ಕಬಡ್ಡಿ ಆಡ್ತೀರೇನ್ರಿ?” ಎಂದಳು.

ಸಾಹೇಬರು ಬಂದರು. ಶೆಡ್ಡಿನಲ್ಲಿ ಸೂರಿಗೆ ಮುಟ್ಟುವಂತೆ ಒಟ್ಟಿದ್ದ ಖಾಲಿ ಪ್ಲಾಸ್ಟಿಕ್ ಬರಣಿಗಳನ್ನು ನೋಡಿದರು. “ಇಷ್ಟು ದಾಸ್ತಾನು ಯಾಕ್ರಿ? ಬೇಕಾದಾಗ ಬೇಕಾದಷ್ಟು ತರಿಸ್ಕೊಳ್ಳೋದು ಕಲೀರಿ.”

ಆಹಾ! ನನಗೆ ಜ್ಞಾನೋದಯವಾಯಿತು. ಆ ಸಂತೋಷದಲ್ಲಿ ಅವರಿಗೆ ಮಿರ್ಚಿ ಭಜಿ ತರಲು ಓಡಿದೆ. “ಆದ್ರ ಮೊದಲ ಬರಣಿ ಕೊಡೋರ ಜೋಡಿ ಮಾತಾಡಿ ಪಕ್ಕಾ ಮಾಡ್ಕೊಳ್ರಿ” ಎಂಬ ಮುಖ್ಯವಾದ ಮಾತನ್ನು ಅವರು ಹೇಳಿದ್ದು ನಾನು ಭಜಿ ಅಂಗಡಿಯಲ್ಲಿದ್ದಾಗ. ಶಾಂತಾ ಕೇಳಿಸಿಕೊಂಡು ನನಗೆ ಮುಟ್ಟಿಸಿದಳು.

“ಕೋಚ್ ಯಾರಿಗೆ ಬಂದಾರ? ನಿನಗೋ ನನಗೋ?” ಎಂದೆ. ಅವಳು ಸಾಹೇಬರ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಅವಳು ಜಗಳಕ್ಕೆ ಬರದಿದ್ದಾಗಲೇ ನಾನು ಹೆದರಬೇಕಿತ್ತು!

ಮರುದಿನವೇ ಬರಣಿಗಳನ್ನೆಲ್ಲ ಓಣಿಗೆ ಹಂಚಿಬಿಟ್ಟೆ. “ನಿನ್ನ ಕೈ ಭಾಳ ದೊಡ್ಡದಪಾ,” ಎಂದು ಪಕ್ಕದ ಮನೆಯ ಪಾರವ್ವ ಕಾಕು ಹರಸಿದಳು.

ಅದೇ ವಾರ ಆರ್ಡರ್ ಬಂತು. ಮುದ್ದೇಬಿಹಾಳದ ಅಡತಿ ವ್ಯಾಪಾರಿಯೊಬ್ಬರ ಮಗಳ ಲಗ್ನ, ಊಟಕ್ಕೆ ನಮ್ಮದೇ ಉಪ್ಪಿನಕಾಯಿ ಬೇಕಂತೆ! ಗತ್ತಿನಿಂದ ಸೊಲ್ಲಾಪುರದ ಬರಣಿ ಅಂಗಡಿಗೆ ಫೋನು ಹಚ್ಚಿದೆ.

“ನಾಳೆ ಮುಂಜಾನೆ ಬರಣಿ ಬೇಕ್ರಿ.”

“ಮುಂದಿನ ವಾರ ಆಗತೈತ್ರಿ.”

“ಬೇಕಾದಾಗ ಬೇಕಾದಷ್ಟು ಕೊಡಬೇಕ್ರಿ. ಅದು ಸಪ್ಲೈ ಚೈನ್!”

“ಅಂಥಾ ಚೈನ್ ನಮ್ಮಲ್ಲಿ ಇಲ್ರಿ. ಸೈಕಲ್ ಚೈನ್ ಬೇಕಂದ್ರ ಬಾಜೂ ಅಂಗಡ್ಯಾಗ ಕೇಳ್ತೇನಿ.”

ದಾನ ಕೊಟ್ಟ ಬರಣಿ ಬೇಡಲು ಓಣಿಗೆ ಹೊರಟೆ. ಒಂದರಲ್ಲಿ ಖಾರಪುಡಿ, ಇನ್ನೊಂದರಲ್ಲಿ ಗೊಬ್ಬರ. ಪಾರವ್ವ ಕಾಕು ತನ್ನದರಲ್ಲಿ ಚಿಮಣಿ ಎಣ್ಣೆ ತುಂಬಿದ್ದಳು. “ಬರಣಿ ಬ್ಯಾಡ, ಸ್ಟೀಲ್ ಕೊಡ ಒಯ್ಯಿ. ಆದ್ರ ಜ್ವಾಕಿ! ಅದು ನನ್ನ ತವರುಮನಿದು. ಕೊಡ ಇಲ್ದ ಹೊಳ್ಳಿ ಈ ಓಣ್ಯಾಗ ಕಾಲಿಡಬ್ಯಾಡ.” ಅವಳನ್ನು ನೋಡಿ ಉಳಿದವರೂ ಹೆಸರು ಕೆತ್ತಿಸಿದ ತಮ್ಮ ಕೊಡಗಳನ್ನು ಕೊಟ್ಟರು.

ಪ್ಯಾಕಿಂಗ್ ಚಂದ ಇರಬೇಕಲ್ಲ? ಶಾಂತಾಳ ಟ್ರಂಕಿನಲ್ಲಿದ್ದ ಹೊಸ ಕುಪ್ಪಸದ ಖಣಗಳನ್ನು ತೆಗೆದು ಕೊಡಗಳ ಬಾಯಿಗೆ ಬಿಗಿದೆ. ಟೆಂಪೋ ಸಿಂದಗಿ ಹಾದು ಮುದ್ದೇಬಿಹಾಳ ಮುಟ್ಟಿತು. ಗೆದ್ದೆ!

ಲಗ್ನದ ಮರುದಿನ ಕೊಡ ತರಲು ಹೋದರೆ ವ್ಯಾಪಾರಿ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡರು. “ಉಪ್ಪಿನಕಾಯಿ ಅಂದ್ರ ಉಪ್ಪಿನಕಾಯಿ! ಮ್ಯಾಲೆ ಕೊಡ, ಖಣ, ಆಯೇರು ಬ್ಯಾರೆ! ನನ್ನ ಸ್ವಂತ ತಮ್ಮನೂ ಇಷ್ಟು ಮಾಡಿಲ್ರಿ.”

ಉಡುಗೊರೆ ಎಂದುಕೊಂಡ ಕೊಡಗಳನ್ನು ತೊಳೆದು, ಮದುಮಗಳ ಭಾಂಡೆ-ಪಾತ್ರೆ ಸಾಮಾನಿನ ಜೊತೆ ಬಸವನ ಬಾಗೇವಾಡಿಯ ಬೀಗರ ಮನೆಗೆ ಕಳಿಸಿಬಿಟ್ಟಿದ್ದರು! ನನ್ನ ಹೆಗಲಿಗೆ ಟವೆಲ್ಲು ಹೊದಿಸಿ ಹೋಳಿಗೆ ಬಡಿಸಿದರು. ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ‘ಕೊಡ ವಾಪಸ್ ಕೊಡ್ರಿ’ ಎಂದು ಹೇಗೆ ಹೇಳುವುದು?

ಎಸ್‌ಟಿಡಿ ಬೂತಿನಿಂದ ಕೋಚ್ ಸಾಹೇಬರಿಗೆ ಫೋನ್ ಮಾಡಿ ಎಲ್ಲ ಅರುಹಿದೆ.

“ಸಾಮಾನು ಗಿರಾಕಿ ದಾಟಿ ಬೀಗರ ಮನಿತನಾ ಹೋತೇನ್ರಿ?” ಎಂದರು. “ಇಷ್ಟು ಉದ್ದ ಚೈನ್ ನಾನೂ ನೋಡಿಲ್ರಿ.”

ಬಾಗೇವಾಡಿಯ ಬಸ್ ಹತ್ತಿದೆ. ಬೀಗರ ಮನೆಯ ಪಡಸಾಲೆಯಲ್ಲಿ ಮದುಮಗಳ ಅತ್ತೆ ಕೊಡಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. “ಒಂದೊಂದರ ಮ್ಯಾಲೆ ಒಂದೊಂದು ಹೆಸರು! ಈ ಪಾರವ್ವ ನಿಮಗೇನಾಗಬೇಕ್ರಿ?”

ನಾನು ತೊದಲುತ್ತ ಕಥೆಯನ್ನೆಲ್ಲ ಒದರಿದೆ. ಅತ್ತೆಯ ಹುಬ್ಬು ಮೇಲೇರಿತು. “ಆಯೇರು ಮಾಡಿ ವಾಪಸ್ ಕೇಳೋರನ್ನ ಇವತ್ತ ನೋಡಿದೆ ನೋಡ್ರಿ!”

ನೆಲದೊಳಗೆ ಇಳಿದುಹೋಗಲು ಬಿರುಕು ಇದೆಯೇ ಎಂದು ಹುಡುಕುತ್ತಿದ್ದೆ. ಬಾಗಿಲ ಮರೆಯಲ್ಲಿದ್ದ ಹೊಸ ಸೊಸೆ ಮಾತ್ರ ಸೆರಗು ಬಾಯಿಗೊತ್ತಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಪಾರವ್ವನ ಹೆಸರಿನ ಕೊಡವನ್ನು ಅವಳೇ ಎತ್ತಿ ನನ್ನ ಮುಂದಿಟ್ಟಳು. “ತವರುಮನಿ ಕೊಡ ಅಂದ್ರಲ್ಲ ಕಾಕಾ, ಒಯ್ರಿ. ಅತ್ತಿಯವರಿಗೆ ನಾ ಹೇಳ್ತೇನಿ.”

ಆ ಹುಡುಗಿ ನೂರು ವರ್ಷ ಬಾಳಲಿ! ಉಳಿದ ಕೊಡಗಳೂ ಹಿಂದೆಯೇ ಬಂದವು.

ಕೊಡಗಳ ಕೊರಳಿಗೆ ಹಗ್ಗ ಪೋಣಿಸಿ, ಹಿಂದೆ ಮುಂದೆ ನೇತುಹಾಕಿಕೊಂಡು, ಠಣಠಣ ಸದ್ದು ಮಾಡುತ್ತ ಬಸ್ ಸ್ಟ್ಯಾಂಡಿನತ್ತ ನಡೆದೆ. ಒಂದು ಮನೆಯ ಬಾಗಿಲು ತೆರೆಯಿತು.

“ಏ ಭಾಂಡೆದಪ್ಪಾ! ಹಳೀ ಸೀರಿ ಕೊಟ್ರ ಕೊಡ ಕೊಡ್ತಿ ಏನು?”

ನನಗೆ ಸಿಟ್ಟು ಬರಬೇಕಿತ್ತು. ಆದರೆ ಅಂದು ಭೇಟಿಯಾದವರಲ್ಲಿ ನನ್ನ ಯೋಗ್ಯತೆಗೆ ತಕ್ಕ ದಂಧೆ ಗುರುತಿಸಿದವಳು ಇವಳೊಬ್ಬಳೇ ಅನ್ನಿಸಿತು. ನಿಂತೆ. ಕೇಳಿಯೇ ಬಿಟ್ಟೆ.

“ಸೀರಿಗೆ ಜರಿ ಐತೇನ್ರಿ?”