ಬಡವರು ಬಡವರಂತೆಯೇ ಕಾಣತಕ್ಕದ್ದು

ವಸ್ತ್ರವಿನ್ಯಾಸ ವಿಭಾಗ, ಹೈದರಾಬಾದ್
ಕಡತ ಸಂಖ್ಯೆ: ವವಿ/ಸಬಲೀಕರಣ/ಹರಕು/7

ವಿಷಯ: ಅವಕಾಶವಂಚಿತ ವಿದ್ಯಾರ್ಥಿನಿಯರು ದಾನಿಗಳ ಕಣ್ಣಿಗೆ ಹಾಗೆಯೇ ಕಾಣುವಂತೆ ಕ್ರಮವಹಿಸುವ ಕುರಿತು.
ಉಲ್ಲೇಖ: ಕಳೆದ ಶನಿವಾರ ಸಬಲೀಕರಣ ಸಮಾರಂಭದಲ್ಲಿ ಆದ ಅವಮಾನ.

ಸದರಿ ಸಮಾರಂಭದಲ್ಲಿ ಹಿಮಾಯತ್‌ನಗರದ ಬಟ್ಟೆ ವ್ಯಾಪಾರಿಗಳೂ ಸಂಸ್ಥೆಯ ದಾನಿಗಳೂ ಆದ ಶ್ರೀ ಸೂರ್ಯಕಾಂತ ಅವರು, ಬಡ ವಿದ್ಯಾರ್ಥಿನಿಗೆಂದು ತಂದ ಹೊಲಿಗೆ ಯಂತ್ರವನ್ನು ಮೊಣಕಾಲ ಬಳಿ ಹರಿದ ಜೀನ್ಸ್ ತೊಟ್ಟಿದ್ದ ಕುಮಾರಿ ಪಿಂಕಿ ಅವರಿಗೆ ಕಣ್ಣೀರಿಡುತ್ತ ನೀಡಿರುತ್ತಾರೆ. ಪಿಂಕಿ ನಿರ್ದೇಶಕರ ಮಗಳು. ಯಂತ್ರ ಸಲ್ಲಬೇಕಿದ್ದ ಕುಮಾರಿ ಹಂಪಮ್ಮ (ತಾಯಿ ಜೀಡಿಮೆಟ್ಲಾದಲ್ಲಿ ಇಟ್ಟಿಗೆ ಹೊರುವವರು) ತಾಯಿಯ ಹಳೆ ಸೀರೆಗಳನ್ನು ಕೌದಿಯಂತೆ ಜೋಡಿಸಿ ಹೊಲಿದ ಕೋಟು ಧರಿಸಿದ್ದರಿಂದ, ಅವರನ್ನು ದಾನಿಗಳ ಸೊಸೆಯೆಂದು ಭಾವಿಸಿ ಮುಂದಿನ ಸಾಲಿನಲ್ಲಿ ಕೂರಿಸಿ ಗೋಡಂಬಿ ನೀಡಲಾಗಿದೆ.

ಇದಕ್ಕೆಲ್ಲ ಶ್ರೀಮತಿ ಶೈಲಾ ಅವರೇ ಹೊಣೆ. ಅಮೀರ್‌ಪೇಟ್‌ನ ಟೇಲರಿಂಗ್ ತರಗತಿಗಳನ್ನು ಬಿಟ್ಟು ಬಂದು, ವರ್ಷಗಟ್ಟಲೆ ಅತಿಥಿ ಉಪನ್ಯಾಸಕಿಯಾಗಿ ಸವೆದು, ಈಚೆಗಷ್ಟೇ ಪೂರ್ಣಾವಧಿ ಪ್ರಾಧ್ಯಾಪಕಿಯಾದ ಇವರು, ಸಬಲೀಕರಣವೆಂಬುದನ್ನು ನಿಜವೆಂದೇ ನಂಬಿರುವುದು ವಿಚಾರಣೆಯಿಂದ ಕಂಡುಬಂದಿದೆ. ಬಡ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ತೋರಿಸುವಂತೆ ವೇದಿಕೆಯಲ್ಲಿ ಕೋರಲಾಗಿ, “ನಾನೂ ಹಿಂಗ ಸಾಲಿನ್ಯಾಗ ನಿಂತು ಬಟ್ಟಿ ಇಸ್ಕೊಂಡಾಕಿರಿ. ಭಾಳ ನಾಚಿಕಿ ಆಗ್ತದ್ರಿ ಸರ. ನನ್ನ ಹುಡುಗ್ಯಾರನ್ನ ನಿಲ್ಸೂದಿಲ್ರಿ” ಎಂದು ಮೈಕ್ ಚಾಲೂ ಇರುವಾಗಲೇ ನುಡಿದಿರುತ್ತಾರೆ.

ಆದಕಾರಣ ಸಂಬಂಧಿಸಿದವರೆಲ್ಲರಿಗೂ ತಿಳಿಯಪಡಿಸುವುದೇನೆಂದರೆ:

1. ಶುಲ್ಕ ವಿನಾಯಿತಿ ಪಡೆದವರು ಸಮಾರಂಭದ ದಿನ ತಾವು ಕಲಿತದ್ದನ್ನು ಮೈಮೇಲೆ ಧರಿಸತಕ್ಕದ್ದಲ್ಲ.

2. ಮಾಸಿದ ಉಡುಪನ್ನು ವಿಭಾಗವೇ ಒದಗಿಸುವುದು. ಉಡುಪು ಸಾಕಷ್ಟು ಮಾಸಿರದಿದ್ದಲ್ಲಿ ಪ್ರಾಯೋಗಿಕ ತರಗತಿಯಲ್ಲಿ ಮಾಸಿಸಿಕೊಳ್ಳತಕ್ಕದ್ದು. ತೇಪೆ ಎದ್ದು ಕಾಣಬೇಕು, ಚೆಂದ ಕಾಣಬಾರದು.

3. ಹರಿದ ಜೀನ್ಸನ್ನು ಫ್ಯಾಷನ್ ಎಂದೂ ಹರಿದ ಲಂಗವನ್ನು ಬಡತನವೆಂದೂ ಪರಿಗಣಿಸಲಾಗುವುದು. ಅದಲುಬದಲು ಮಾಡುವವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.

4. ಕೃತಜ್ಞತೆಯ ಮುಖಭಾವವನ್ನು ಫೋಟೋದವರು ಸಾಕೆನ್ನುವವರೆಗೆ ಕಾಯ್ದುಕೊಳ್ಳತಕ್ಕದ್ದು. ದಾನಿಗಳು ಕಾರು ಹತ್ತಿದ ಮೇಲೆ ತಲೆ ಎತ್ತಲು ಅನುಮತಿಯಿದೆ.

5. ಸದರಿ ಕೋಟನ್ನು ಕೂಡಲೇ ಕಚೇರಿಗೆ ಒಪ್ಪಿಸತಕ್ಕದ್ದು. ದಾನಿಗಳ ಪತ್ನಿಯವರು ಅಂಥದ್ದೇ ಒಂದನ್ನು ಬಯಸಿರುವುದರಿಂದ ಮಾದರಿಯ ಅಗತ್ಯವಿದೆ.

6. ವಿದ್ಯಾರ್ಥಿನಿಯರ ಬಟ್ಟೆಗಳನ್ನು ತಕ್ಕಮಟ್ಟಿಗೆ ಹರಿದು ಸೋಮವಾರದೊಳಗೆ ವರದಿ ಮಾಡದಿದ್ದಲ್ಲಿ, ಶ್ರೀಮತಿ ಶೈಲಾ ಅವರನ್ನು ಮರಳಿ ಅತಿಥಿಯೆಂದು ಪರಿಗಣಿಸಲಾಗುವುದು. ಅತಿಥಿಗಳಿಗೆ ಕುರ್ಚಿ ಇರುವುದಿಲ್ಲ.

(ಸಹಿ/-)
ಹಣಮಂತರಾಯ
ನಿರ್ದೇಶಕರು

ಪ್ರತಿಗಳು:
1. ಶ್ರೀ ಸೂರ್ಯಕಾಂತ ಅವರಿಗೆ, ಕ್ಷಮೆಯೊಂದಿಗೆ. ಮುಂದಿನ ಬಾರಿ ಬಡವರು ಸರಿಯಾಗಿ ಸಿಗುವರು.
2. ಕುಮಾರಿ ಪಿಂಕಿ ಅವರಿಗೆ. ಯಂತ್ರವನ್ನು ತಂದೆಗೆ ಹೇಳದೆ ಹಂಪಮ್ಮ ಅವರ ಜೋಪಡಿಗೆ ಸಾಗಿಸಿದ್ದಕ್ಕೆ ಇಂದು ಊಟಕ್ಕೆ ಮುಂಚೆ ವಿವರಣೆ ನೀಡುವುದು.
3. ಶ್ರೀಮತಿ ಶೈಲಾ ಅವರಿಗೆ. ಇದರ ಕರಡಿನ ಮೇಲೆ ಅವರು “ಹರದದ್ದನ್ನ ಹೊಲಿಯೂದು ಕಲಸಾಕ ಬಂದೀನ್ರಿ, ಹರಿಯೂದು ಕಲಸಾಕಲ್ಲ” ಎಂದು ಬರೆದು, ಅದನ್ನು ತಮ್ಮ ಕುರ್ಚಿಯ ಮೇಲಿಟ್ಟು ಹೋಗಿರುವುದನ್ನು ಗಮನಿಸಲಾಗಿದೆ.
4. ಜಾಹೀರಾತು ಶಾಖೆಗೆ. ಪೂರ್ಣಾವಧಿ ಪ್ರಾಧ್ಯಾಪಕರ ಒಂದು ಹುದ್ದೆ ತೆರವಾಗಿದೆ. ಹೊಲಿಗೆ ಬಾರದಿದ್ದರೂ ನಡೆಯುತ್ತದೆ.