ಮೆಣಸಿನಕಾಯಿ ಗಂಟೆ

ಬೊಗೊಮಿಲನಿಗೆ ಎಲೆಕ್ಟ್ರಾನಿಕ್ಸ್ ಹುಚ್ಚು ಹತ್ತಿದ್ದು ಹೋದ ಚಳಿಗಾಲದಲ್ಲಿ. ಹುಚ್ಚಿನ ಜೊತೆಗೊಂದು ವ್ರತವೂ ಅಂಟಿಕೊಂಡಿತು: ಹೊಸದಾಗಿ ಒಂದು ಮೊಳೆಯನ್ನೂ ಕೊಳ್ಳಬಾರದು, ಜನ ಬಿಸಾಡಿದ್ದರಲ್ಲೇ ಎಲ್ಲ ಮಾಡಬೇಕು. ರೂಸೆ ಊರಿನ ಆ ಎಂಟಂತಸ್ತಿನ ಕಟ್ಟಡದಲ್ಲಿ, ಯಾರಿಗಾದರೂ ಉಪಯೋಗಕ್ಕೆ ಬರಬಹುದಾದ ಸಾಮಾನನ್ನು ಕಸದ ತೊಟ್ಟಿಯೊಳಗೆ ಹಾಕುವುದಿಲ್ಲ, ಪಕ್ಕದಲ್ಲಿಟ್ಟು ಹೋಗುತ್ತಾರೆ. ಆ 'ಯಾರಾದರೂ' ಯಾವಾಗಲೂ ಬೊಗೊಮಿಲನೇ. ಅವನ ಮನೆಯ ಬಾಲ್ಕನಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಸೆಪ್ಟೆಂಬರಿನ ಆ ಶನಿವಾರ ಹೆಂಡತಿ ಜಿವ್ಕಾ ಮೂಟೆಗಟ್ಟಲೆ ಕೆಂಪು ದಪ್ಪಮೆಣಸಿನಕಾಯಿ ತರಿಸಿದ್ದಳು. ಚಳಿಗಾಲದ ಚಟ್ನಿಗೆಂದು ಅಷ್ಟನ್ನೂ ಬಾಲ್ಕನಿಯ ಕರೆಂಟ್ ಒಲೆಯಲ್ಲಿ ಸುಡಬೇಕಿತ್ತು.

"ನೋಡಿ, ಸಂಜೆಯೊಳಗೆ ಈ ಗುಜರಿಯಿಂದ ಮನೆಗೆ ಉಪಯೋಗ ಆಗೋದು ಒಂದಾದ್ರೂ ಮಾಡಿ ತೋರ್ಸಿ. ಇಲ್ದಿದ್ರೆ ಎಲ್ಲಿಂದ ಬಂತೋ ಅಲ್ಲಿಗೇ ಕಳಿಸ್ತೀನಿ!"

"ಕಾಯಿ ಬೆಂದ ತಕ್ಷಣ ಕೂಗೋ ಗಂಟೆ ಮಾಡ್ಕೊಡ್ತೀನಿ. ಹೋದ ವರ್ಷ ನೀನು ಅರ್ಧ ಸೀಯಿಸಿದ್ದೆ, ನೆನಪಿದೆಯಾ?" ಎಂದ ಬೊಗೊಮಿಲ್.

ಎಲ್ಲ ಇತ್ತು, ಕೂಗುವುದಕ್ಕೆ ಸ್ಪೀಕರ್ ಇರಲಿಲ್ಲ. ಕೆಳಗೆ ಹೋಗಿ ನೋಡಿದರೆ ತೊಟ್ಟಿಯ ಪಕ್ಕ ಹಳೆಯ ರೇಡಿಯೋ ಒಂದು ಕೂತಿತ್ತು. ಸ್ಪೀಕರಿಗೆ ಹೋಗುವ ತಂತಿ ಕಿತ್ತುಹೋಗಿತ್ತು, ಅಷ್ಟೇ. ಬೇಕಾದ್ದಕ್ಕಿಂತ ಹೆಚ್ಚು ಒಯ್ಯುವ ಆಸಾಮಿಯಲ್ಲ ಅವನು. ಸ್ಪೀಕರ್ ಮಾತ್ರ ಬಿಚ್ಚಿಕೊಂಡು ಉಳಿದದ್ದನ್ನು ಇದ್ದಲ್ಲೇ ಇಟ್ಟು ಬಂದ.

ಬೆಸುಗೆ ಹಾಕಲು ಕೂತ. ಮೊದಲು ಬೆರಳು ಸುಟ್ಟಿತು, ಆಮೇಲೆ ಮೇಜುಬಟ್ಟೆ. ಮೇಲಿನ ಬಾಲ್ಕನಿಯಿಂದ ಗಂಚೊ ಬಗ್ಗಿ ನೋಡಿದ.

"ಕೆಂಪು ತಂತಿ ಆ ಕಡೆ ಹಾಕಪ್ಪಾ! ಮಿಲಿಟರೀಲಿ ರೇಡಿಯೋ ನೋಡ್ಕೊಂಡಿದ್ದೋನು ಹೇಳ್ತಿದೀನಿ, ಕೇಳು."

ಕೇಳಿದ. ಒಂದು ಬಿಡಿಭಾಗ ಹುರಿಯುವ ಕಡಲೆಯ ಹಾಗೆ ಚಟ್ಟೆಂದು ಸಿಡಿಯಿತು.

"ಹಾಗಾದ್ರೆ ಈ ಕಡೆ ಹಾಕು" ಎಂದ ಗಂಚೊ, ಒಂದಿಷ್ಟೂ ನಾಚದೆ.

ಬೊಗೊಮಿಲ್ ಬೈಯಲಿಲ್ಲ. ಮುರಿದ ಆಟಿಕೆಯೊಂದರಿಂದ ಅಂಥದೇ ಇನ್ನೊಂದು ಕಿತ್ತು ಮತ್ತೆ ಕೂತ. ಅವನ ಆ ಹಟವನ್ನು ಮೆಚ್ಚಲೇಬೇಕು. ಇನ್ನೊಬ್ಬನಾಗಿದ್ದರೆ ಅಂಗಡಿಗೆ ಓಡುತ್ತಿದ್ದ. ಮಧ್ಯಾಹ್ನ ದಾಟುವಷ್ಟರಲ್ಲಿ ಗಂಟೆ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕೂಗಿತು. ಒಲೆಯ ಮುಚ್ಚಳ ತೆಗೆದರೆ ಕಾಯಿಗಳು ಹದವಾಗಿ ಬೆಂದು, ಸಿಪ್ಪೆ ತಾನಾಗಿ ಬಿಟ್ಟುಕೊಂಡಿತ್ತು. ಅಕ್ಕಪಕ್ಕದ ಬಾಲ್ಕನಿಗಳಿಂದ ಚಪ್ಪಾಳೆ ಬಿತ್ತು. ಜಿವ್ಕಾ ತಾನೇ ಪ್ಲಮ್ ಬ್ರಾಂಡಿ ಬಗ್ಗಿಸಿ ಕೊಟ್ಟಳು.

ಅಷ್ಟರಲ್ಲಿ ಕೆಳಮನೆಯ ನೆದ್ಯಾಲ್ಕಾ ಅಜ್ಜಿ ಏದುಸಿರು ಬಿಡುತ್ತ ಬಂದಳು. ಎದೆಗವಚಿಕೊಂಡಿದ್ದು ಅದೇ ರೇಡಿಯೋ.

"ತೀರ್ಕೊಂಡ ನಮ್ಮ ಯಜಮಾನ್ರದು ಕಣಪ್ಪಾ. ರಿಪೇರಿ ಮಾಡೋರು ಯಾರೂ ಇಲ್ಲಾಂತ ಬೆಳಿಗ್ಗೆ ಅಳ್ತಾ ಇಟ್ಟು ಬಂದಿದ್ದೆ. ನಿನ್ನ ಗಂಟೆ ಕೇಳಿ ಜೀವ ಬಂತು, ಓಡಿಹೋಗಿ ತಂದೆ. ಯಾವನೋ ಹಾಳಾದೋನು ಕರುಳು ಕಿತ್ಕೊಂಡು ಹೋಗಿದಾನೆ! ನಿನಗೇನು ದೊಡ್ಡದಾ, ಸರಿಮಾಡ್ಕೊಡು."

ಬೊಗೊಮಿಲ್ ಬ್ರಾಂಡಿಯ ಲೋಟ ಕೆಳಗಿಟ್ಟ. ಬಾಯಿ ತೆರೆಯುವ ಮೊದಲೇ ಜಿವ್ಕಾ, "ನಮ್ಮವರು ಈಗಲೇ ಮಾಡ್ಕೊಡ್ತಾರೆ ಅಜ್ಜಿ!" ಎಂದುಬಿಟ್ಟಳು. ಮದುವೆಯಾದಂದಿನಿಂದ ಅವಳ ದನಿಯಲ್ಲಿ ಅಷ್ಟು ಹೆಮ್ಮೆಯನ್ನು ಅವನು ಕೇಳಿರಲಿಲ್ಲ. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಅವಳು ಕಾಯಿ ತರಲು ಒಳಗೆ ಹೋದಾಗ ಗಂಟೆಯ ಸ್ಪೀಕರನ್ನು ಮೆಲ್ಲಗೆ ಬಿಚ್ಚಿ ಜೇಬಿಗಿಳಿಸಿದ. ಬೇಗ ಮುಗಿಸಿ, ತೊಟ್ಟಿಯ ಬಳಿ ಇನ್ನೊಂದು ಹುಡುಕಿದರಾಯಿತು ಎಂದುಕೊಂಡ.

ಅಜ್ಜಿಯ ಅಡುಗೆಮನೆಯಲ್ಲಿ ಸ್ಪೀಕರ್ ಕೂರಿಸಿ ತಂತಿ ಬೆಸೆದ. ರೇಡಿಯೋ ಹಾಡತೊಡಗಿತು. ಅಜ್ಜಿ ಕಣ್ಣೊರೆಸಿಕೊಂಡು ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅವನ ಕಣ್ಣೂ ಒದ್ದೆಯಾಯಿತು. ಅವಳು ಮಾಡಿದ ಚೀಸಿನ ಬಾನಿತ್ಸಾ ತಿನ್ನದೆ ಏಳುವ ಹಾಗಿರಲಿಲ್ಲ. ಒಂದೇ ತಿಂದರೆ ಅವಳು ಬಿಡುವ ಹಾಗಿರಲಿಲ್ಲ.

ಮೇಲೆ ಜಿವ್ಕಾ ಒಲೆಗೆ ಹೊಸ ಕಾಯಿ ತುಂಬಿ, ಬೆನ್ನು ಹಾಕಿ ಕೂತು ನಿಶ್ಚಿಂತೆಯಿಂದ ಸಿಪ್ಪೆ ಸುಲಿಯುತ್ತಿದ್ದಳು. ಗಂಟೆ ಇದೆಯಲ್ಲ!

ಬೊಗೊಮಿಲನ ಮೂಗಿಗೆ ವಾಸನೆ ಬಡಿಯುವ ಹೊತ್ತಿಗೆ ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿಯಾಗಿತ್ತು.

"ಜಿವ್ಕಾ! ಕಾಯಿ ಸೀದು ಇದ್ದಿಲಾಗ್ತಿದೆ ಕಣೇ! ನಿನ್ನ ಗಂಡನ ಗಂಟೆ ಹೊಡೀಲಿಲ್ವಾ?"

ಸ್ವಲ್ಪ ಹೊತ್ತಿಗೆ ರೇಡಿಯೋದ ಹಾಡಿನ ನಡುವೆ, ಗುಜರಿ ತುಂಬಿದ ಮೂಟೆಯೊಂದು ಮೆಟ್ಟಿಲ ಮೇಲೆ ಧಡಧಡನೆ ಇಳಿದು ಬರುವ ಸದ್ದು ಕೇಳಿಸಿತು.