ನಾದಿನಿಯ ಕಾಲು, ನನ್ನ ಮೆದುಳು

ಮರುದಿನ ತಿಕೋಟಾದ ಹೈಸ್ಕೂಲಿನಲ್ಲಿ ನನ್ನ ಭಾಷಣವಿತ್ತು. ವಿಷಯ: ದೇಹವೇ ತಯಾರಿಸುವ ನೋವಿನ ಔಷಧ. ವಿಜ್ಞಾನ ಕಲಿಸುವವನಿಗೆ ಇದೇನು ದೊಡ್ಡದು? ಮೆದುಳು ಎಂಡಾರ್ಫಿನ್ ಎಂಬ ಅಫೀಮಿನಂಥ ವಸ್ತು ತಯಾರಿಸುತ್ತದೆ. ಅದು ನೋವಿನ ಸುದ್ದಿ ಒಯ್ಯುವ ನರಗಳ ಬಾಗಿಲಿಗೆ ಹೋಗಿ ಚಿಲಕ ಹಾಕುತ್ತದೆ. ಸುದ್ದಿ ಮುಂದೆ ಹೋಗುವುದಿಲ್ಲ. ವಾಸಿಯಾಗುತ್ತದೆಂಬ ನಂಬಿಕೆ ಸಾಕು, ಎಷ್ಟೋ ಸಲ ಆ ಔಷಧ ತಾನಾಗಿ ಹೊರಬರುತ್ತದೆ.

ಇಷ್ಟನ್ನು ಕನ್ನಡಿಯ ಮುಂದೆ ಹೇಳಿ, ಸಭೆಗೆ ಬಗ್ಗಿ ನಮಸ್ಕರಿಸಿದೆ. ಮೇಲೇಳಲಾಗಲಿಲ್ಲ. ಸೊಂಟದಲ್ಲಿ ಕಟಕ್ ಎಂದು ನಡ ಹಿಡಿದಿತ್ತು.

ಹೆಂಡತಿ ಹೊನವಾಡದ ತವರಿಗೆ ಫೋನ್ ಮಾಡಿ ತಂಗಿಯನ್ನು ಬರಹೇಳಿದಳು. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಮೂರು ಸಲ ಒದ್ದರೆ ನಡ ಬಿಡುತ್ತದೆ, ತನ್ನ ತಂಗಿ ಹಾಗೆ ಹುಟ್ಟಿದವಳು ಎಂದು ನನಗೆ ಹೇಳಿದಳು. ಈ ಮೂಢನಂಬಿಕೆಯನ್ನು ಉಗ್ರವಾಗಿ ವಿರೋಧಿಸಿದೆ. ವಿರೋಧಿಸುತ್ತಲೇ ಬೋರಲು ಮಲಗಿದೆ.

ಮಧ್ಯಾಹ್ನದ ಬಸ್ಸಿಗೆ ನಾದಿನಿ, ಜೊತೆಗೆ ಅತ್ತೆ, ವಿಜಯಪುರದ ನಮ್ಮ ಮನೆಗೆ ಬಂದಿಳಿದರು. ನಾದಿನಿ ಒದ್ದಳು. ನೋವು ಹೋಯಿತು! ಹೇಗೆ ಹೋಯಿತೆಂದು ನೆನಪಿಸಿಕೊಂಡರೆ ಒಂದೊಂದು ಸಲ ಒಂದೊಂದು ಥರ ಕಾಣುತ್ತದೆ, ಆದ್ದರಿಂದ ವರ್ಣಿಸುವುದಿಲ್ಲ. ನೆಟ್ಟಗೆ ನಿಂತದ್ದಕ್ಕೆ ಸಾಕ್ಷಿಗಳಿದ್ದಾರೆ.

ಅಲ್ಲಿಗೆ ಸುಮ್ಮನಿರಬೇಕಿತ್ತು. ಇದು ಕಾಲಿನ ಮಹಿಮೆಯಲ್ಲ, ಎಂಡಾರ್ಫಿನ್ ಕೆಲಸ, ಯಾರು ಒದ್ದಿದ್ದರೂ ನಡೆಯುತ್ತಿತ್ತು ಎಂದು ಉಪನ್ಯಾಸ ಕೊಟ್ಟೆ.

ಅತ್ತೆ ನಿರಾಳವಾದರು.

"ಹಂಗಂದ್ರ ಚಲೋ ಆತು ಬಿಡ್ರಿ ಅಳ್ಯಾರ. ಇಕಿ ತಲಿ ಮುಂದಾಗೇ ಹುಟ್ಟ್ಯಾಳ. ಕಾಲ ಮುಂದಾಗಿ ಬಂದಾಕಿ ನಿಮ್ಮ ಹೇಣ್ತಿ. ಗಂಡಗ ಕಾಲ ಹಚ್ಚೂದು ಪಾಪ ಅಂತ ತಂಗೀನ ಕರಿಸ್ಯಾಳ."

ಕಟಕ್. ನಡ ಮತ್ತೆ ಹಿಡಿಯಿತು.

ಯಾರು ಕೇಳಿದ್ದರು ಈ ಸತ್ಯ? ನಾನು ನಂಬದ ಮಾತನ್ನು ನನ್ನ ಮೆದುಳು ನನಗೆ ತಿಳಿಸದೆ ನಂಬಿಕೊಂಡು ಕೂತಿತ್ತು! ನನ್ನ ಬುರುಡೆಯೊಳಗೆ ಪುಕ್ಕಟೆ ವಾಸ. ಅದರ ಮೇಲೆ ಔಷಧದ ಅಂಗಡಿ. ಮಾಲೀಕ ನರಳುವಾಗ ಶಟರ್ ಎಳೆಯುವುದೆಂದರೆ ಇದೆಂಥ ನ್ಯಾಯ?

ಭಾಷಣ ತಪ್ಪಬಾರದು. ಪಾಪ ನನಗೇ ಇರಲಿ, ನೀನೇ ಒದೆ ಎಂದೆ ಹೆಂಡತಿಗೆ. ಅವಳು ಭಕ್ತಿಯಿಂದ ನನ್ನ ಪಾದ ಮುಟ್ಟಿ ನಮಸ್ಕರಿಸಿದಳು. ನಂತರ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು.

ಮೂರೇ ಒದೆ ಎಂದು ಅವಳು ಈಗಲೂ ಹೇಳುತ್ತಾಳೆ. ನನ್ನ ನೆನಪನ್ನು ನಾನು ನಂಬುವುದಿಲ್ಲ, ನಡವನ್ನು ನಂಬುತ್ತೇನೆ. ನಡುವೆ ಎಲ್ಲೋ "ಇದು ನಮ್ಮವ್ವನ ಅಡಗಿಗೆ ಉಪ್ಪಿಲ್ಲ ಖಾರಿಲ್ಲ ಅಂತ ಹೆಸರಿಟ್ಟಿದ್ದಕ್ಕರಿ" ಎಂದದ್ದಂತೂ ಸ್ಪಷ್ಟವಾಗಿ ಕೇಳಿಸಿತು.

ನೋವು ಕದಲಲಿಲ್ಲ. ಒಮ್ಮೆ ಮೋಸ ಹೋದ ಮೆದುಳು ಎರಡನೆಯ ಸಲ ಶಟರ್ ತೆಗೆಯಲಿಲ್ಲ. ತಿಕೋಟಾಕ್ಕೆ ಫೋನ್ ಮಾಡಿ, ಬರಲಾಗುವುದಿಲ್ಲ ಎಂದೆ. ಹೆಡ್ ಮಾಸ್ತರರು ಕಾರಣ ಕೇಳಿದರು. ಏನೂ ಕೇಳಿಸುತ್ತಿಲ್ಲ ಎಂದು ಇಟ್ಟುಬಿಟ್ಟೆ.

ಅಡುಗೆಮನೆಯಲ್ಲಿ ಹೆಂಡತಿ ಹಾಡುತ್ತ ರೊಟ್ಟಿ ಬಡಿಯುತ್ತಿದ್ದಳು. ವರ್ಷಗಳಿಂದ ಕಾಡಿದ ಮೊಣಕಾಲು ನೋವು ಇವತ್ತು ಇಲ್ಲವೇ ಇಲ್ಲ ಎಂದು ತಂಗಿಗೆ ಹೇಳುತ್ತಿದ್ದಳು.

ಎಂಡಾರ್ಫಿನ್ ಬಿಡುಗಡೆಯಾಗಿತ್ತು, ಸಂಶಯವಿಲ್ಲ. ನನ್ನ ಸಿದ್ಧಾಂತ ಗೆದ್ದಿತ್ತು.

ಅವಳ ತಲೆಯಲ್ಲಿ.